ಗಪ್ಪಿಯ ತಳಿ ಕೆಡದಂತೆ ಮನೆಯಲ್ಲಿ ಸಾಕುವ ಬಗೆ

ಮಲೇರಿಯಾ, ಡೆಂಗಿ ಹರಡುವ ಕಾಲದಲ್ಲಿ ಆರೋಗ್ಯ ಇಲಾಖೆಯವರು ಬಾವಿ, ಕೆರೆ, ಸಿಮೆಂಟು ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನುಗಳಲ್ಲಿ ಗಪ್ಪಿಯೂ ಒಂದು. ಟ್ರಿನಿಡಾಡ್, ವೆನೆಜುವೆಲಾ, ಗಯಾನಾ ಸುತ್ತಿನ ತೊರೆಗಳಲ್ಲಿ ಹುಟ್ಟಿ ಬೆಳೆದ ಈ ಮೀನನ್ನು 1908ರಲ್ಲಿ ಭಾರತಕ್ಕೆ ತಂದದ್ದು ಸೊಳ್ಳೆಯ ಹಾವಳಿ ತಡೆಯಲೆಂದೇ. ಇವತ್ತು ಅದು ಕೊಳಚೆ ಮೋರಿಯಲ್ಲೂ ಮರಿ ಹಾಕಿಕೊಂಡು ಬದುಕುತ್ತಿದೆ. ಅಕ್ವೇರಿಯಂ ಅಂಗಡಿಯ ಗಾಜಿನ ಹಿಂದೆ ಬೀಸಣಿಗೆಯಂಥ ಬಾಲ ಬಿಚ್ಚಿ ನಿಲ್ಲುವ ಆಲ್ಬಿನೊ ಫುಲ್ ರೆಡ್, ಬ್ಲೂ ಮಾಸ್ಕೊ, ಡಂಬೊ ಇಯರ್, ಹಾಫ್ ಬ್ಲ್ಯಾಕ್ ಮುಂತಾದ ದುಬಾರಿ ತಳಿಗಳೂ ಅದೇ ಪ್ರಭೇದಕ್ಕೆ, ಪೊಯಿಸಿಲಿಯಾ ರೆಟಿಕ್ಯುಲೇಟಾಕ್ಕೆ, ಸೇರಿದವು. ಆದರೆ ಮೋರಿಯ ಗಪ್ಪಿಯ ಗಟ್ಟಿತನವನ್ನು ಇವುಗಳಿಂದ ನಿರೀಕ್ಷಿಸಬಾರದು. ಬಣ್ಣ ಮತ್ತು ಬಾಲಕ್ಕಾಗಿ ಹತ್ತಾರು ತಲೆಮಾರು ಆರಿಸಿ ಕೂಡಿಸಿದ ಮೀನು ಇದು. ಒಂದೇ ಬಗೆಯ ನೀರಿನಲ್ಲಿ, ಒಂದೇ ಬಗೆಯ ಶಾಖದಲ್ಲಿ ಬೆಳೆದು ಬಂದದ್ದು.

ಆದ್ದರಿಂದ ಇಂಥ ಗಪ್ಪಿ ಸಾಕುವವರಿಗೆ ಎರಡು ಕೆಲಸಗಳಿವೆ. ಮೀನನ್ನು ಬದುಕಿಸಿಕೊಳ್ಳುವುದು ಒಂದು, ಅದರ ತಳಿಯನ್ನು ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಹೆಚ್ಚಿನವರು ಕೆಲವು ತಿಂಗಳಲ್ಲಿ ಕಲಿತುಬಿಡುತ್ತಾರೆ. ಎರಡನೆಯದನ್ನು ಯಾರೂ ಹೇಳಿಕೊಡದ ಕಾರಣ, ಒಂದೂವರೆ ವರ್ಷದ ಹೊತ್ತಿಗೆ ತೊಟ್ಟಿಯ ತುಂಬ ಮೀನಿರುತ್ತದೆ, ಕೊಂಡು ತಂದ ತಳಿ ಮಾತ್ರ ಇರುವುದಿಲ್ಲ.

ತೊಟ್ಟಿಗಳ ಲೆಕ್ಕ

ಮೀನು ಕೊಳ್ಳುವ ಮುನ್ನ ಮನೆಯಲ್ಲಿ ಎಷ್ಟು ತೊಟ್ಟಿ ಇಡಲು ಜಾಗವಿದೆ ಎಂಬುದನ್ನು ತೀರ್ಮಾನಿಸಬೇಕು. ತಳಿಯನ್ನು ಉಳಿಸಿಕೊಳ್ಳುವ ಉದ್ದೇಶವಿದ್ದರೆ ಕನಿಷ್ಠ ಮೂರು ಬೇಕು: ಕೂಡಿಸಿದ ಗಂಡು-ಹೆಣ್ಣುಗಳಿಗೆ ಒಂದು, ಬೆಳೆಯುವ ಗಂಡುಮರಿಗಳಿಗೆ ಒಂದು, ಬೆಳೆಯುವ ಹೆಣ್ಣುಮರಿಗಳಿಗೆ ಒಂದು. ಹೊಸ ಮೀನನ್ನೋ ಕಾಯಿಲೆಯ ಮೀನನ್ನೋ ಬೇರೆಯಿಡಲು ಒಂದು ಪ್ಲಾಸ್ಟಿಕ್ ಟಬ್ ಸಾಕು. ಒಂದೇ ತೊಟ್ಟಿಗೆ ಜಾಗವಿರುವವರಿಗೆ ನನ್ನ ಸಲಹೆ ಬೇರೆ: ಬರೀ ಗಂಡುಗಳನ್ನು ಇಟ್ಟುಕೊಳ್ಳಿ. ಬಣ್ಣವೆಲ್ಲ ಗಂಡಿನದೇ, ಮರಿಗಳ ಕಾಟವಿಲ್ಲ, ಹೆಣ್ಣನ್ನು ಅಟ್ಟಾಡಿಸಿ ಸುಸ್ತು ಮಾಡುವ ರಗಳೆಯೂ ಇಲ್ಲ. ಇದನ್ನು ಹೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಏಕೆಂದರೆ ಅವರು ಮಾರುವುದು ಜೋಡಿ ಲೆಕ್ಕದಲ್ಲಿ.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಲೆಕ್ಕದಲ್ಲಿ 54 ಲೀಟರು ಹಿಡಿಯುತ್ತದೆ. ಮೇಲೆ ಬಿಟ್ಟ ಜಾಗ ಕಳೆದರೆ 45 ಲೀಟರಿನಷ್ಟು ನೀರು ಸಿಗುತ್ತದೆ. ಹದಿನೈದು ದೊಡ್ಡ ಮೀನುಗಳಿಗೆ ಇದು ಮಿತಿ ಎಂದುಕೊಳ್ಳಿ. ಅದರ ತೂಕ ಅರ್ಧ ಕ್ವಿಂಟಲ್ ದಾಟುವುದರಿಂದ ಸ್ಟ್ಯಾಂಡ್ ಸಮತಟ್ಟಾಗಿರಬೇಕು, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿರಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಕಟ್ಟುತ್ತದೆ. ಗಪ್ಪಿಗಳು ಹಾರುವ ಮೀನುಗಳಾದ್ದರಿಂದ ಮುಚ್ಚಳವನ್ನು ಮರೆಯುವಂತಿಲ್ಲ.

ಫಿಲ್ಟರ್ ವಿಷಯದಲ್ಲಿ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಗಾಳಿಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಅಗ್ಗವಾದದ್ದು. ಮರಿಗಳನ್ನು ಎಳೆದುಕೊಳ್ಳುವುದಿಲ್ಲ, ಉದ್ದ ಬಾಲದ ಗಂಡುಗಳನ್ನು ಒದ್ದಾಡಿಸುವಂಥ ಸೆಳವನ್ನೂ ಹುಟ್ಟಿಸುವುದಿಲ್ಲ. ಅದನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬಾರದು; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಮತ್ತೆ ಹಾಕಬೇಕು. ಕರೆಂಟು ಹೋಗುವ ಊರುಗಳಲ್ಲಿ ಗಾಳಿಪಂಪನ್ನು ಇನ್ವರ್ಟರ್ ಲೈನಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ತಳಕ್ಕೆ ಜಲ್ಲಿ ಹಾಕದೆ ಖಾಲಿ ಬಿಟ್ಟರೆ ಉಳಿದ ಆಹಾರ, ಹಿಕ್ಕೆ ಕಣ್ಣಿಗೆ ಬೀಳುತ್ತವೆ, ಟ್ಯೂಬಿನಿಂದ ಎಳೆದು ತೆಗೆಯುವುದು ಸುಲಭ. ನೋಡಲು ಬೋಳಾಗಿ ಕಂಡರೆ ಜಾವಾ ಮಾಸ್ ಅಥವಾ ಹಾರ್ನ್‌ವರ್ಟ್ ಗಿಡ ಹಾಕಬಹುದು. ಮರಿಗಳು ಅಡಗಲು ಅದು ಹೇಗೂ ಬೇಕು. ದೀಪ ದಿನಕ್ಕೆ 8ರಿಂದ 10 ಗಂಟೆ ಉರಿದರೆ ಸಾಕು. ಆಲ್ಬಿನೊ ತಳಿಗಳಿಗೆ ಕೆಂಪು ಕಣ್ಣಿನಿಂದಾಗಿ ಪ್ರಖರ ಬೆಳಕು ಹಿಂಸೆ, ಅವುಗಳ ದೃಷ್ಟಿಯೂ ಮಂದ. ಬೆಳಕನ್ನು ತಗ್ಗಿಸಿ, ಮೇಲೆ ತೇಲುವ ಗಿಡ ಬಿಡಿ.

ನೀರು: ಇಲ್ಲಿಯೇ ಗೆಲುವು, ಇಲ್ಲಿಯೇ ಸೋಲು

ಗಪ್ಪಿ ಗಡಸು ನೀರಿನ ಮೀನು. ಪಿಎಚ್ 7ರಿಂದ 8, ಗಡಸುತನ ಲೀಟರಿಗೆ 150ರಿಂದ 250 ಮಿಲಿಗ್ರಾಮಿನ ಆಸುಪಾಸು, ಶಾಖ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. ಈ ಅಂಕಿಗಳಿಗಿಂತಲೂ ಮುಖ್ಯವಾದದ್ದು ಅವು ವಾರದಿಂದ ವಾರಕ್ಕೆ ಏರುಪೇರಾಗದಿರುವುದು. ಕರ್ನಾಟಕದಲ್ಲಿ ನೀರಿನ ಗುಣ ಊರಿನಿಂದ ಊರಿಗೆ ಎಷ್ಟು ಬದಲಾಗುತ್ತದೆಂದರೆ, ಒಬ್ಬರಿಗೆ ಹೇಳಿದ ಉಪಾಯ ಇನ್ನೊಬ್ಬರಿಗೆ ಮುಳುವಾಗಬಹುದು. ಬಯಲುಸೀಮೆಯ ಕೊಳವೆಬಾವಿಯ ನೀರು ಬಹುತೇಕ ಗಡಸು. ಕೋಲಾರ, ತುಮಕೂರು ಕಡೆ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಷ್ಟು. ಅದರಲ್ಲಿ ಗಪ್ಪಿ ಚೆನ್ನಾಗಿಯೇ ಬೆಳೆಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆಯ ನೆಲದ ಬಾವಿನೀರು ಮೆದು, ಕೊಂಚ ಆಮ್ಲೀಯ. ಅದರಲ್ಲಿ ಗಪ್ಪಿಗಳು ರೆಕ್ಕೆ ಮುದುಡಿಕೊಂಡು, ಇದ್ದಲ್ಲೇ ಒಲೆದಾಡುತ್ತ ದಿನೇದಿನೇ ಸೊರಗುತ್ತವೆ. ಅಲ್ಲಿನವರು ಕುದಿಸಿ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಒಂದು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಟ್ಟರೆ ಸುಣ್ಣದಂಶ ನಿಧಾನವಾಗಿ ಕರಗಿ ನೀರು ಹದಕ್ಕೆ ಬರುತ್ತದೆ.

ಬೆಂಗಳೂರಿನವರ ಕಷ್ಟ ಬೇರೆಯದು. ಒಂದೇ ಸಂಪಿಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಎಲ್ಲಿಂದಲೋ ಬಂದ ಟ್ಯಾಂಕರ್ ನೀರು ಬೀಳುತ್ತದೆ. ಇಂಥ ಮನೆಗಳಲ್ಲಿ ನಲ್ಲಿಯಿಂದ ನೇರವಾಗಿ ತೊಟ್ಟಿಗೆ ನೀರು ಬಿಡಲೇಬಾರದು. ಒಂದು ಡ್ರಮ್ಮಿನಲ್ಲಿ ವಾರಕ್ಕೆ ಬೇಕಾದ ನೀರು ಹಿಡಿದು, ಗಾಳಿಕಲ್ಲು ಹಾಕಿ 24 ಗಂಟೆ ಬಿಟ್ಟು, ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಪೆನ್ನಿನಿಂದ ಅಳೆದು, ತೊಟ್ಟಿಯ ಅಂಕಿಗೂ ಡ್ರಮ್ಮಿನ ಅಂಕಿಗೂ ಬಹಳ ಅಂತರವಿದ್ದರೆ ಸ್ವಲ್ಪಸ್ವಲ್ಪವೇ ಬದಲಿಸಬೇಕು. ಇಷ್ಟು ಹೊತ್ತು ಗಾಳಿಯಾಡಿದ ನೀರಿನ ಕ್ಲೋರಿನ್ ಹಾರಿಹೋಗುತ್ತದೆ. ಕಾಯಲು ಪುರುಸೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಹಾಕಿ.

ಇಲ್ಲಿ ಎರಡು ಎಚ್ಚರಿಕೆಗಳು. ಟಿಡಿಎಸ್ ಎಂದರೆ ಗಡಸುತನವಲ್ಲ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಪೆನ್ನು ಹೆಚ್ಚುಕಡಿಮೆ ಅದೇ ಅಂಕಿ ತೋರಿಸಿದರೂ ಮೀನಿಗೆ ಬೇಕಾದ ಸುಣ್ಣದಂಶ ಅದರಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಗಡಸುತನ ಪರೀಕ್ಷಿಸುವ ಹನಿ ಕಿಟ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಎರಡನೆಯದು, ಕುಡಿಯಲು ಬಳಸುವ ಆರ್‌ಒ ನೀರು ಶುದ್ಧವಾದದ್ದರಿಂದ ಮೀನಿಗೂ ಒಳ್ಳೆಯದೆಂಬ ನಂಬಿಕೆ. ಅದನ್ನೇ ತುಂಬಿದರೆ ಗಪ್ಪಿ ಬದುಕುವುದಿಲ್ಲ. ಅತಿ ಗಡಸಾದ ನೀರನ್ನು ತೆಳುಗೊಳಿಸಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ತೊಟ್ಟಿಗೆ ನೀರು ತುಂಬಿದ ಮಾರನೆಯ ದಿನವೇ ಮೀನು ಬಿಡುವುದು ಅತಿ ಸಾಮಾನ್ಯವಾಗಿ ನಡೆಯುವ ಕೊಲೆ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ಅಮೋನಿಯಾ ಹೊರಬೀಳುತ್ತದೆ. ಸ್ಪಂಜಿನಲ್ಲಿ ನೆಲೆಯೂರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಬೇರೂರಲು 3ರಿಂದ 6 ವಾರ ಹಿಡಿಯುತ್ತದೆ. ಖಾಲಿ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು, ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಮೊದಲು ಏರಿ ಅನಂತರ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಪರಿಚಯದವರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಂಜ್ ಒಂದನ್ನು ತಂದು ಹಾಕಿದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿಯಾಗುವುದರಿಂದ ಬೋರ್‌ವೆಲ್ ನೀರಿನವರು ಈ ಹಂತವನ್ನು ಹಾರಿಸಲೇಬಾರದು. ತೊಟ್ಟಿ ನೆಲೆಗೊಂಡ ಮೇಲೆ ವಾರಕ್ಕೆ ಕಾಲುಭಾಗ ನೀರು ಬದಲಿಸುವುದು ಸಾಕು. ಮರಿಗಳ ತೊಟ್ಟಿಗೆ ವಾರಕ್ಕೆರಡು ಸಲ ಬೇಕು.

ಶಾಖದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ರಾತ್ರಿ ತೊಟ್ಟಿಯ ನೀರು 20-21 ಡಿಗ್ರಿಗೆ ಇಳಿಯಬಹುದಾದ್ದರಿಂದ 50 ವ್ಯಾಟಿನ ಹೀಟರ್ ಇಟ್ಟು 25ಕ್ಕೆ ನಿಲ್ಲಿಸಿ. ಮಂಗಳೂರಿನಲ್ಲಿ ಅದರ ಅಗತ್ಯ ಬೀಳದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ತದ್ವಿರುದ್ಧ: ಮುಚ್ಚಳದ ಜಾಗಕ್ಕೆ ಬಲೆ ಹಾಕಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸುವಂತೆ ಮಾಡಿದರೆ ಆವಿಯಾಗುವಾಗ ಎರಡು ಮೂರು ಡಿಗ್ರಿ ತಗ್ಗುತ್ತದೆ.

ಮೀನು ಆರಿಸುವಾಗ

ಬೆಂಗಳೂರಿನ ಶಿವಾಜಿನಗರದಂಥ ಕಡೆ ಮಾರಾಟವಾಗುವ ಅಲಂಕಾರಿಕ ಮೀನಿನಲ್ಲಿ ಬಹುಪಾಲು ಚೆನ್ನೈನ ಕೊಳತ್ತೂರು ಮತ್ತಿತರ ಸಾಕಣೆ ಕೇಂದ್ರಗಳಿಂದ ಬರುತ್ತದೆ. ಅಂಗಡಿಯ ಮೀನು ಅಗ್ಗ, ಆದರೆ ಅಲ್ಲಿ ಹಲವು ಮೂಲದ ಮೀನುಗಳು ಒಂದೇ ನೀರಿನಲ್ಲಿ ಬೆರೆತಿರುತ್ತವೆ. ತಳಿಗಾಗಿ ಕೊಳ್ಳುವವರು ಮನೆಯಲ್ಲೇ ಒಂದೆರಡು ತಳಿಗಳನ್ನು ಬೆಳೆಸುವ ಹವ್ಯಾಸಿಗಳಿಂದ ಕೊಳ್ಳುವುದು ಮೇಲು. ಇದಕ್ಕೆ ಒಂದು ಗಟ್ಟಿ ಕಾರಣವಿದೆ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ತನ್ನೊಳಗೇ ಉಳಿಸಿಕೊಂಡು ಸಾಲಾಗಿ ಹಲವು ಸೂಲು ಮರಿ ಹಾಕಬಲ್ಲದು. ಅಂಗಡಿಯಲ್ಲಿ ನಿಮಗೆ ಜೋಡಿ ಮಾಡಿಕೊಟ್ಟ ಗಂಡು ಎಷ್ಟೇ ಚೆಂದವಿರಲಿ, ಹೆಣ್ಣಿನ ಹೊಟ್ಟೆಯಲ್ಲಿರುವ ಮರಿಗಳು ಅದರದ್ದೇ ಎನ್ನಲು ಯಾವ ಖಾತರಿಯೂ ಇಲ್ಲ.

ಬೆಳೆಸಿದವರ ಬಳಿ ಟ್ರಯೊ ಕೇಳಿ: ಒಂದು ಗಂಡು, ಎರಡು ಹೆಣ್ಣು, ಹೆಣ್ಣುಗಳು ಗಂಡಿನ ಸಹವಾಸವಿಲ್ಲದೆ ಬೆಳೆದವು. ಮೂರರಿಂದ ನಾಲ್ಕು ತಿಂಗಳ ಪ್ರಾಯ ಸೂಕ್ತ. ಪೂರ್ತಿ ಬಾಲ ಬಿಚ್ಚಿದ, ಎಂಟು ತಿಂಗಳ ಭವ್ಯ ಗಂಡು ಎಷ್ಟು ಕಣ್ಣು ಕುಕ್ಕಿದರೂ ಅದರ ಒಳ್ಳೆಯ ದಿನಗಳು ಮುಗಿಯುತ್ತ ಬಂದಿರುತ್ತವೆ. ತಂದೆತಾಯಿ ಮೀನುಗಳನ್ನೂ ಒಡಹುಟ್ಟುಗಳನ್ನೂ ತೋರಿಸಲು ಹೇಳಿ. ಬೆನ್ನು ಗೂನಾಗಿರುವುದು, ರೆಕ್ಕೆ ಮುಚ್ಚಿಕೊಂಡಿರುವುದು, ಹೊಟ್ಟೆ ಒಳಸೇದಿರುವುದು, ಗುದದ್ವಾರದಿಂದ ಕೆಂಪು ನೂಲಿನಂಥದ್ದು ಇಣುಕುವುದು, ಇವುಗಳಲ್ಲಿ ಯಾವುದು ಒಂದೇ ಮೀನಿನಲ್ಲಿ ಕಂಡರೂ ಆ ತೊಟ್ಟಿಯಿಂದ ಏನನ್ನೂ ಕೊಳ್ಳಬೇಡಿ. ಅವರ ನೀರಿನ ಪಿಎಚ್, ಟಿಡಿಎಸ್, ಉಪ್ಪು ಬಳಸುತ್ತಾರೋ ಇಲ್ಲವೋ ಎಂಬುದನ್ನು ಬರೆದುಕೊಳ್ಳಿ. ಅನೇಕ ಸಾಕಣೆದಾರರು ನೀರಿಗೆ ಉಪ್ಪು ಹಾಕಿ ಬೆಳೆಸುತ್ತಾರೆ. ಅಂಥ ಮೀನನ್ನು ಒಮ್ಮೆಲೇ ಸಪ್ಪೆ ನೀರಿಗೆ ಬಿಟ್ಟರೆ ತಾಳಿಕೊಳ್ಳುವುದು ಕಷ್ಟ. ಲೀಟರಿಗೆ ಒಂದು ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪಿನಿಂದ ಆರಂಭಿಸಿ, ನೀರು ಬದಲಿಸುತ್ತ ಬದಲಿಸುತ್ತ ಅದು ತಾನಾಗಿ ತೆಳುವಾಗಲು ಬಿಡಬಹುದು.

ಮನೆಗೆ ತಂದ ಚೀಲವನ್ನು ಟಬ್ಬಿನಲ್ಲಿ ಇಪ್ಪತ್ತು ನಿಮಿಷ ತೇಲಿಸಿ, ಆಮೇಲೆ ಒಂದು ಗಂಟೆಯ ಕಾಲ ಲೋಟದಿಂದ ಸ್ವಲ್ಪಸ್ವಲ್ಪ ಟಬ್ಬಿನ ನೀರನ್ನು ಚೀಲಕ್ಕೆ ಸೇರಿಸುತ್ತ ಹೋಗಿ. ಚೀಲದ ನೀರನ್ನು ಚೆಲ್ಲಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಮೂರರಿಂದ ನಾಲ್ಕು ವಾರ ಹೊಸ ಮೀನು ಹಳೆಯದರ ಜೊತೆ ಸೇರಬಾರದು. ಬಲೆ, ಟ್ಯೂಬುಗಳೂ ಬೇರೆಯೇ ಇರಬೇಕು. ಎರಡು ಬೇರೆ ಬೇರೆ ಕಡೆಯ, ನೋಡಲು ಪೂರ್ತಿ ಆರೋಗ್ಯವಾಗಿರುವ ಗಪ್ಪಿಗಳನ್ನು ಬೆರೆಸಿದ ಹತ್ತು ದಿನದೊಳಗೆ ಒಂದು ಗುಂಪು ಸಾಯತೊಡಗುವುದು ಈ ಹವ್ಯಾಸದಲ್ಲಿ ಎಲ್ಲರೂ ಕಂಡಿರುವ ಸಂಗತಿ. ಒಂದು ಗುಂಪು ಒಗ್ಗಿಸಿಕೊಂಡ ರೋಗಾಣು ಇನ್ನೊಂದಕ್ಕೆ ಹೊಸದು.

ಆಹಾರ

ದೊಡ್ಡ ಮೀನಿಗೆ ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಒಳ್ಳೆಯ ಗುಣಮಟ್ಟದ ಪುಡಿಯಾಹಾರದ ಜೊತೆಗೆ ವಾರಕ್ಕೆ ಒಂದೆರಡು ಸಲ ಬೇಯಿಸಿ ನುರಿದ ಪಾಲಕ್ ಅಥವಾ ಬಟಾಣಿ ಕೊಟ್ಟರೆ ಹೊಟ್ಟೆ ಸರಾಗ. ಟ್ಯೂಬಿಫೆಕ್ಸ್ ಹುಳುವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಬೆಳೆಯುವ ಕೊಳಚೆಯನ್ನು ಒಮ್ಮೆ ಕಂಡವರು ಕೇಳುವುದೂ ಇಲ್ಲ. ಸೊಳ್ಳೆಮರಿ ಗಪ್ಪಿಗೆ ಪರಮಾಹಾರವೇ ಆದರೂ ಅದಕ್ಕಾಗಿ ಬಕೆಟ್ಟಿನಲ್ಲಿ ನೀರು ನಿಲ್ಲಿಸಿ ಇಡುವುದು ಡೆಂಗಿಯನ್ನು ಮನೆಗೆ ಕರೆದಂತೆ.

ಮರಿಗಳಿಗೆ ಆರ್ಟೀಮಿಯಾದಷ್ಟು, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಯಷ್ಟು, ಒಳ್ಳೆಯದು ಬೇರೊಂದಿಲ್ಲ. ಒಂದು ಲೀಟರಿನ ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ನಿಲ್ಲಿಸಿ, ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿದ ನೀರು ತುಂಬಿ, ಕಾಲು ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಮುಚ್ಚಳದವರೆಗೆ ಇಳಿಸಿದ ಗಾಳಿಕೊಳವೆಯಿಂದ ಜೋರಾಗಿ ಗುಳ್ಳೆ ಎಬ್ಬಿಸಬೇಕು. 27 ಡಿಗ್ರಿ ಶಾಖವಿದ್ದು ಮೇಲೆ ಒಂದು ಬಲ್ಬು ಉರಿಯುತ್ತಿದ್ದರೆ 24 ಗಂಟೆಯಲ್ಲಿ ಮೊಟ್ಟೆಗಳು ಒಡೆಯುತ್ತವೆ, ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಬೇಕಾದೀತು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಕಂದು ಬಣ್ಣದ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಜೀವಗಳು ತಳದಲ್ಲಿ ಹಿಡಿದ ಟಾರ್ಚಿನ ಕಡೆಗೆ ಮೋಡದಂತೆ ಇಳಿದು ಬರುತ್ತವೆ. ಅಷ್ಟನ್ನು ಮಾತ್ರ ಕೊಳವೆಯಿಂದ ಎಳೆದು, ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ತಕ್ಷಣ ಕೊಡಬೇಕು. ತಡವಾದಷ್ಟೂ ಅವುಗಳ ಒಡಲಿನ ಸತ್ವ ಅವುಗಳಿಗೇ ಖರ್ಚಾಗುತ್ತದೆ. ಇದು ದಿನಾ ಆಗದ ಮಾತು ಎನ್ನುವವರು ಮೈಕ್ರೊವರ್ಮ್ ಎಂಬ ಸೂಕ್ಷ್ಮ ಹುಳು ಬೆಳೆಸಿಕೊಳ್ಳಬಹುದು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಕದಡಿ ಹಾಕುವ ಹಳೆಯ ಪದ್ಧತಿಯಿಂದ ಮರಿಯ ಹೊಟ್ಟೆ ತುಂಬುವ ಮೊದಲೇ ನೀರು ಕೆಡುತ್ತದೆ.

ಮರಿ ಹಾಕುವ ಹೊತ್ತು

ಬಸಿರಿನ ಅವಧಿ 3ರಿಂದ 4 ವಾರ. ಹೆಣ್ಣಿನ ಗುದದ ರೆಕ್ಕೆಯ ಮೇಲ್ಭಾಗದಲ್ಲಿ ಇರುವ ಗಾಢ ಮಚ್ಚೆ ದಿನ ತುಂಬಿದಂತೆಲ್ಲ ದೊಡ್ಡದಾಗಿ ಕಪ್ಪಾಗುತ್ತದೆ. ತಿಳಿಬಣ್ಣದ ತಳಿಗಳಲ್ಲಿ ಹೊಟ್ಟೆಯ ಚರ್ಮದ ಹಿಂದೆ ಮರಿಗಳ ಕಣ್ಣುಗಳೇ ಚುಕ್ಕೆಚುಕ್ಕೆಯಾಗಿ ಕಾಣಿಸುತ್ತವೆ, ಆಲ್ಬಿನೊದಲ್ಲಿ ಆ ಚುಕ್ಕೆಗಳೂ ಕೆಂಪಗಿರುತ್ತವೆ. ಹೊಟ್ಟೆ ದುಂಡಗಿದ್ದದ್ದು ಪೆಟ್ಟಿಗೆಯಂತೆ ಚೌಕವಾಗಿ, ಹೆಣ್ಣು ಗುಂಪಿನಿಂದ ಸರಿದು ಒಂದು ಮೂಲೆಯಲ್ಲಿ ನಿಂತರೆ ಒಂದೆರಡು ದಿನದ ಮಾತು. ಇಕ್ಕಟ್ಟಾದ ಪ್ಲಾಸ್ಟಿಕ್ ಬ್ರೀಡಿಂಗ್ ಬಾಕ್ಸಿಗೆ ಕೊನೆಗಳಿಗೆಯಲ್ಲಿ ಅವಳನ್ನು ಹಿಡಿದು ಹಾಕುವುದರಿಂದ ಗಾಬರಿಗೆ ಮರಿಗಳು ಅವಧಿಗೆ ಮುನ್ನ, ಹಳದಿ ಚೀಲ ಹೊತ್ತುಕೊಂಡೇ ಹೊರಬೀಳುವುದುಂಟು. ವಾರ ಮೊದಲೇ ಜಾವಾ ಮಾಸ್ ದಟ್ಟವಾಗಿ ತುಂಬಿದ ಬೇರೆ ತೊಟ್ಟಿಗೆ ಸ್ಥಳಾಂತರಿಸುವುದು ಮೃದುವಾದ ದಾರಿ. ಚೊಚ್ಚಲ ಸೂಲಿನಲ್ಲಿ ಮರಿಗಳು ಕಡಿಮೆ. ಬಲಿತ ಹೆಣ್ಣು 20ರಿಂದ 60 ಮರಿ ಹಾಕುತ್ತದೆ. ಹೆರಿಗೆ ಮುಗಿದೊಡನೆ ತಾಯಿಯನ್ನು ತೆಗೆಯಬೇಕು, ತಾಯ್ತನದ ಮಮತೆ ಗಪ್ಪಿಗೆ ಗೊತ್ತಿಲ್ಲ. ಮರಿಗಳಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಆಹಾರ ಕೊಡಿ. ಮೊದಲ ಆರು ವಾರ ಹೊಟ್ಟೆಗೆ ಕಡಿಮೆಯಾದ ಮರಿ ಮುಂದೆ ಎಷ್ಟು ತಿಂದರೂ ಆ ಗಾತ್ರ ಮುಟ್ಟುವುದಿಲ್ಲ.

ಗಂಡು-ಹೆಣ್ಣು ಬೇರ್ಪಡಿಸುವುದು

ತಳಿ ಉಳಿಸುವ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಮೂರನೆಯ ವಾರದಿಂದಲೇ ಮರಿಗಳನ್ನು ನಾಲ್ಕೈದರಂತೆ ಒಂದು ಚಪ್ಪಟೆ ಗಾಜಿನ ಡಬ್ಬಿಗೆ ಹಾಕಿ, ಹಿಂದಿನಿಂದ ಟಾರ್ಚ್ ಬಿಟ್ಟು ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ನೋಡಬೇಕು. ಹೆಣ್ಣಿನಲ್ಲಿ ಅದು ಸಣ್ಣ ತ್ರಿಕೋನ, ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಗಂಡಿನಲ್ಲಿ ಅದರ ಮುಂದಿನ ಕಡ್ಡಿಗಳು ದಪ್ಪಗಾಗಿ, ಮೊದಲು ತ್ರಿಕೋನದ ತುದಿ ಚೂಪಾಗಿ, ಕೊನೆಗೆ ಇಡೀ ರೆಕ್ಕೆ ಕಡ್ಡಿಯಂತೆ ಸಪೂರವಾಗಿ ಹಿಂದಕ್ಕೆ ಬಾಗುತ್ತದೆ. ಇದು ಕೂಡುವ ಅಂಗ. ಜೊತೆಗೆ ಹೆಣ್ಣುಮರಿಯಲ್ಲಿ ಬಸಿರಿನ ಮಚ್ಚೆಯ ಮಸುಕು ಗುರುತು ಅಷ್ಟು ಹೊತ್ತಿಗೇ ಕಾಣುತ್ತದೆ. ಸಂಶಯ ಬಂದ ಮರಿಯನ್ನು ಗಂಡುಗಳ ತೊಟ್ಟಿಗೆ ಹಾಕಿ: ಅದು ಹೆಣ್ಣೇ ಆಗಿದ್ದರೆ ಆ ಒಂದು ಹೆಣ್ಣು ತಳಿಯ ಲೆಕ್ಕದಿಂದ ಹೋಗುತ್ತದೆ ಅಷ್ಟೆ, ಹೆಣ್ಣುಗಳ ತೊಟ್ಟಿಗೆ ಒಂದು ಗಂಡು ನುಸುಳಿದರೆ ಇಡೀ ಸೂಲಿನ ಹೆಣ್ಣುಗಳು ಕೈತಪ್ಪುತ್ತವೆ. ನಾಲ್ಕನೆಯ ವಾರದ ಕೊನೆಗೆ ಈ ಕೆಲಸ ಮುಗಿದಿರಬೇಕು, ಅನಂತರವೂ ವಾರಕ್ಕೊಮ್ಮೆ ಎರಡೂ ತೊಟ್ಟಿಗಳನ್ನು ಪರಿಶೀಲಿಸುತ್ತಿರಬೇಕು.

ಬೇರ್ಪಡಿಸದೆ ಬಿಟ್ಟರೆ ತಳಿ ಏಕೆ ಕೆಡುತ್ತದೆ ಎಂಬುದಕ್ಕೆ ಕಾರಣ ಸ್ಪಷ್ಟ. ಬೇಗ ಪ್ರಾಯಕ್ಕೆ ಬಂದ ಗಂಡಿನ ಬೆಳವಣಿಗೆ ಅಲ್ಲಿಗೇ ಕುಂಠಿತವಾಗುತ್ತದೆ. ಇಂಥ ಸಣ್ಣ ಮೈಯ, ಗಿಡ್ಡ ಬಾಲದ ಗಂಡು ಚುರುಕಾಗಿ ಓಡಾಡಿ ಎಲ್ಲ ಹೆಣ್ಣುಗಳನ್ನೂ ಮೊದಲು ಕೂಡುತ್ತದೆ. ದೊಡ್ಡ ಬಾಲ ಎಳೆದುಕೊಂಡು ಈಜುವ ಚೆಂದದ ಗಂಡು ಹಿಂದೆ ಬೀಳುತ್ತದೆ. ನೀವು ಆರಿಸದಿದ್ದರೆ ತೊಟ್ಟಿಯೇ ಆರಿಸುತ್ತದೆ, ಅದು ಆರಿಸುವುದು ಸದಾ ನಿಮಗೆ ಬೇಡವಾದದ್ದನ್ನು. ಆದ್ದರಿಂದ ಎಲ್ಲರಿಗಿಂತ ಮೊದಲು ಬಣ್ಣ ಬಂದ ಗಂಡಿಗೆ ಮರುಳಾಗಬೇಡಿ. ತಡವಾಗಿ ಬಣ್ಣ ತಾಳಿ ಮೈ ತುಂಬಿಕೊಂಡವನೇ ಮುಂದಿನ ತಲೆಮಾರಿನ ತಂದೆಯಾಗಲು ಯೋಗ್ಯ.

ಯಾರನ್ನು ಯಾರಿಗೆ ಕೂಡಿಸಬೇಕು

ಗಪ್ಪಿಯಲ್ಲಿ ಕೆಲವು ಬಣ್ಣದ ಗುರುತುಗಳು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತವೆ. ಡೆನ್ಮಾರ್ಕಿನ ಜೀವವಿಜ್ಞಾನಿ ಯೋಹಾನೆಸ್ ಶ್ಮಿಟ್ 1920ರಲ್ಲಿ ಇದನ್ನು ತೋರಿಸಿದರು. ಆ ದೇಶದವರೇ ಆದ ಓಯ್ವಿಂಡ್ ವಿಂಗೆ ಅದನ್ನು ಮುಂದುವರಿಸಿ, ಇಂಥ ಗುಣಗಳು ಗಂಡಿನ ವೈ ವರ್ಣತಂತುವಿನ ಮೇಲಿವೆ ಎಂದು ವಿವರಿಸಿದರು. ಹಾವಿನ ಮೈಯ ಬಳ್ಳಿಚಿತ್ತಾರವಿರುವ ಕೋಬ್ರಾ ತಳಿಗಳಲ್ಲಿ ಆ ಚಿತ್ತಾರ ಬಹುಮಟ್ಟಿಗೆ ಹೀಗೆಯೇ ಸಾಗುತ್ತದೆ. ಹಾಗೆಂದು ಹೆಣ್ಣನ್ನು ಕಡೆಗಣಿಸುವಂತಿಲ್ಲ. ಬಾಲದ ಅಗಲ, ಮೈಯ ಗಾತ್ರ, ಬೆನ್ನಿನ ನೇರ ಇವುಗಳಲ್ಲಿ ತಾಯಿಯ ಪಾಲು ಸಮವಾಗಿಯೇ ಇದೆ. ಬಣ್ಣವಿಲ್ಲದ ಹೆಣ್ಣನ್ನು ಹೇಗೆ ಆರಿಸುವುದೆಂದರೆ, ಮೊದಲು ಅದರ ಅಣ್ಣತಮ್ಮಂದಿರನ್ನು ನೋಡಬೇಕು; ಉತ್ತಮ ಗಂಡುಗಳು ಹೆಚ್ಚು ಬಂದ ಸೂಲಿನಿಂದ ದಪ್ಪ ಬಾಲಬುಡದ, ಅಗಲ ಬಾಲದ, ನೇರ ಬೆನ್ನಿನ ಹೆಣ್ಣುಗಳನ್ನು ತೆಗೆದುಕೊಳ್ಳಬೇಕು. ಹಾಫ್ ಬ್ಲ್ಯಾಕ್ ತಳಿಯಲ್ಲಿ ಹೆಣ್ಣಿನ ಹಿಂಭಾಗವೂ ಕಪ್ಪಾಗಿರುವುದರಿಂದ ಅಲ್ಲಿ ಕೆಲಸ ಸುಲಭ.

ಆಲ್ಬಿನೊ ಗುಣ ಅಡಗಿ ನಡೆಯುವಂಥದ್ದು. ಆಲ್ಬಿನೊವನ್ನು ಸಾಮಾನ್ಯ ಕಣ್ಣಿನ ಮೀನಿಗೆ ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಒಂದೂ ಕೆಂಪು ಕಣ್ಣು ಕಾಣುವುದಿಲ್ಲ. ಆ ಅಣ್ಣತಂಗಿಯರನ್ನು ಕೂಡಿಸಿದಾಗ ಸುಮಾರು ಕಾಲುಭಾಗ ಮರಿಗಳು ಆಲ್ಬಿನೊ ಆಗಿ ಹುಟ್ಟುತ್ತವೆ. ಕೆಂಪು ಆಲ್ಬಿನೊಗಳ ಮೈ ಸಣ್ಣಗಾಗುತ್ತ ಬಂದಾಗ ಅದೇ ಕೆಂಪಿನ ಸಾಮಾನ್ಯ ಕಣ್ಣಿನ ಮೀನಿಗೆ ಕೂಡಿಸಿ ಮತ್ತೆ ಹಿಂದಿರುಗಿಸುವುದು ಈ ಲೆಕ್ಕದ ಮೇಲೆಯೇ. ಇನ್ನು ರಿಬ್ಬನ್ ತಳಿ, ಅಂದರೆ ರೆಕ್ಕೆಗಳೆಲ್ಲ ನೂಲಿನಂತೆ ಉದ್ದ ಇಳಿಬಿದ್ದವು, ಕೊಳ್ಳುವವರಿಗೆ ಒಂದು ಕಿವಿಮಾತು. ಅದರ ಗಂಡಿನಲ್ಲಿ ಕೂಡುವ ಅಂಗವೂ ಹಾಗೆಯೇ ಉದ್ದವಾಗಿ ಕೆಲಸಕ್ಕೆ ಬಾರದಂತಾಗಿರುತ್ತದೆ. ರಿಬ್ಬನ್ ಗಂಡು-ಹೆಣ್ಣು ಜೋಡಿ ತಂದು ಮರಿಗಾಗಿ ಕಾಯುವುದು ವ್ಯರ್ಥ. ರಿಬ್ಬನ್ ಹೆಣ್ಣಿಗೆ ಅದೇ ಸೂಲಿನ ಗಿಡ್ಡ ರೆಕ್ಕೆಯ ಗಂಡನ್ನು ಕೂಡಿಸಿದರೆ ಸುಮಾರು ಅರ್ಧ ಮರಿಗಳು ರಿಬ್ಬನ್ ಬರುತ್ತವೆ. ಜೋಡಿ ಮಾರುವಾಗ ಗಿಡ್ಡ ರೆಕ್ಕೆಯ ತಮ್ಮನನ್ನೂ ಕೊಡುವವರೇ ನಂಬಿಕಸ್ತರು.

ಒಂದೇ ತಳಿಯನ್ನು ಎರಡು ಸಾಲಾಗಿ ನಡೆಸುವುದು ಒಳ್ಳೆಯ ಕ್ರಮ. ಆರಂಭದ ಎರಡು ಹೆಣ್ಣುಗಳ ಮರಿಗಳನ್ನು ಬೆರೆಸದೆ ಬೇರೆ ಬೇರೆಯಾಗಿ ಮೂರು ನಾಲ್ಕು ತಲೆಮಾರು ಬೆಳೆಸಿ, ಅನಂತರ ಒಂದು ಸಾಲಿನ ಗಂಡನ್ನು ಇನ್ನೊಂದು ಸಾಲಿನ ಹೆಣ್ಣಿಗೆ ಕೂಡಿಸಿದರೆ ಒಡಹುಟ್ಟುಗಳ ಸತತ ಕೂಡುವಿಕೆಯಿಂದ ಬರುವ ಗೂನು, ಕಡಿಮೆ ಮರಿ, ಬೇಗ ಸಾವು ಇವು ತಗ್ಗುತ್ತವೆ. ಇದಕ್ಕೆ ತೊಟ್ಟಿಗಳು ಹೆಚ್ಚು ಬೇಕು. ಆಗದವರು ಅದೇ ಮೂಲದ ಮೀನು ಸಾಕಿರುವ ಇನ್ನೊಬ್ಬ ಹವ್ಯಾಸಿಯೊಡನೆ ಒಪ್ಪಂದ ಮಾಡಿಕೊಂಡು ವರ್ಷಕ್ಕೊಮ್ಮೆ ಗಂಡು ಬದಲಿಸಿಕೊಳ್ಳಬಹುದು. ಪ್ರತಿ ತೊಟ್ಟಿಗೂ ತಳಿಯ ಹೆಸರು, ಹುಟ್ಟಿದ ದಿನಾಂಕ, ತಂದೆತಾಯಿಯ ಗುರುತು ಬರೆದ ಚೀಟಿ ಅಂಟಿಸಿ. ಮೂರು ತಿಂಗಳ ನಂತರ ನೆನಪಿನ ಮೇಲೆ ನಡೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಕಾಯಿಲೆಗಳು

ಮೈಮೇಲೆ ಸಕ್ಕರೆ ಹರಳು ಉದುರಿಸಿದಂಥ ಬಿಳಿ ಚುಕ್ಕೆ ಕಂಡರೆ ಅದು ಇಕ್ ರೋಗ. ಶಾಖವನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಔಷಧ ಕೊಡಬೇಕು. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಹತ್ತಿಯಂಥ ಬೂದುಬಿಳಿ ತೇಪೆ ಕಂಡರೆ ಅದು ಬೂಷ್ಟಿನಂತೆ ತೋರಿದರೂ ಬಹಳ ಸಲ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಇದು ಬಿಸಿ ನೀರಿನಲ್ಲಿ ಇನ್ನೂ ವೇಗವಾಗಿ ಹರಡುವುದರಿಂದ ಇಕ್ ರೋಗಕ್ಕೆ ಮಾಡಿದಂತೆ ಶಾಖ ಏರಿಸಿದರೆ ರಾತ್ರಿ ಕಳೆಯುವುದರೊಳಗೆ ತೊಟ್ಟಿ ಖಾಲಿಯಾಗಬಹುದು. ಗುರುತಿಸದೆ ಔಷಧ ಸುರಿಯಬೇಡಿ ಎನ್ನುವುದು ಇದಕ್ಕೇ.

ಗುದದ್ವಾರದಿಂದ ಇಣುಕುವ ಕೆಂಪು ನೂಲು ಕ್ಯಾಮಲಾನಸ್ ಎಂಬ ಕರುಳಹುಳು. ಮೀನು ಸುಮ್ಮನೆ ನಿಂತಾಗ ಹೊರಬಂದು ಅಲುಗಾಡಿದೊಡನೆ ಒಳಸರಿಯುವುದರಿಂದ ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅಷ್ಟರಲ್ಲಿ ಹೆಣ್ಣುಗಳು ಸೊರಗಿ ಮರಿ ಕಡಿಮೆಯಾಗಿರುತ್ತದೆ. ದನಕುರಿಗಳಿಗೆ ಕೊಡುವ ಲೆವಮಿಸೋಲ್ ಇದಕ್ಕೆ ಮದ್ದು, ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ಪಡೆಯಿರಿ. ಬೆಳಕಿಗೆ ಅದು ಕೆಡುವುದರಿಂದ ತೊಟ್ಟಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿ, 24 ಗಂಟೆಯ ನಂತರ ತಳವನ್ನು ಚೆನ್ನಾಗಿ ಎಳೆದು ತೆಗೆಯಬೇಕು, ಏಕೆಂದರೆ ಹುಳುಗಳು ಸಾಯುವುದಕ್ಕಿಂತ ಹೆಚ್ಚಾಗಿ ನಿಶ್ಚೇಷ್ಟವಾಗಿ ಉದುರಿರುತ್ತವೆ. ಎರಡು ಮೂರು ವಾರದ ನಂತರ ಇನ್ನೊಮ್ಮೆ ಕೊಡಬೇಕು. ಬೆನ್ನು ಬಾಗಿ ಒಣಗುತ್ತ ಹೋಗುವ ಮೀನು ಮೀನಿನ ಕ್ಷಯದ್ದಿರಬಹುದು. ಕೈಯಲ್ಲಿ ಗಾಯವಿದ್ದಾಗ ಆ ನೀರಿಗೆ ಕೈ ಹಾಕಬೇಡಿ, ಆ ರೋಗಾಣು ಮನುಷ್ಯರ ಚರ್ಮಕ್ಕೂ ತಗಲುತ್ತದೆ.

ಹೆಚ್ಚಾದ ಮೀನು

ಒಂದು ಹೆಣ್ಣು ತಿಂಗಳಿಗೊಮ್ಮೆ ಮರಿ ಹಾಕಿದರೆ ಆರಿಸಿ ಉಳಿಸಿಕೊಳ್ಳುವುದು ಹತ್ತರಲ್ಲಿ ಒಂದೋ ಎರಡೋ. ಉಳಿದವುಗಳಿಗೆ ದಾರಿ ಮೊದಲೇ ಯೋಚಿಸಿರಬೇಕು. ಬಣ್ಣ ಕಡಿಮೆಯಾದ ಗಂಡುಗಳನ್ನು ಅಂಗಡಿಯವರು ತೆಗೆದುಕೊಳ್ಳುತ್ತಾರೆ, ನೆರೆಹೊರೆಯ ಮಕ್ಕಳೂ ಕೇಳುತ್ತಾರೆ; ಮನೆಯ ತಾವರೆ ತೊಟ್ಟಿಗೆ ಬಿಟ್ಟರೆ ಸೊಳ್ಳೆಮರಿ ತಿಂದುಕೊಂಡಿರುತ್ತವೆ. ಗೂನಾದವು, ಕುಂಟಾದವು ಯಾರ ತೊಟ್ಟಿಗೂ ಹೋಗಿ ಮರಿ ಹಾಕುವಂತಾಗಬಾರದು. ಎಷ್ಟೇ ಪಾಪವೆನಿಸಿದರೂ ಕೆರೆಗೋ ಹೊಳೆಗೋ ಬಿಡುವುದು ಮಾತ್ರ ಸಲ್ಲದು. ಪಶ್ಚಿಮಘಟ್ಟದ ತೊರೆಗಳಲ್ಲಿ ನಮ್ಮದೇ ಆದ ಸಣ್ಣ ಮೀನುಗಳಿವೆ. ವೀರ್ಯ ಕೂಡಿಟ್ಟುಕೊಂಡ ಒಂದೇ ಒಂದು ಹೆಣ್ಣು ಗಪ್ಪಿ ಅಲ್ಲಿ ಇಳಿದರೂ ಒಂದು ಹೊಸ ಸಂತತಿ ಆರಂಭವಾಗಲು ಸಾಕು. ಇನ್ನೊಬ್ಬ ಹವ್ಯಾಸಿಗೆ ಕೊಡುವಾಗ ಟ್ರಯೊದ ಜೊತೆಗೆ ಚೀಟಿಯ ನಕಲನ್ನೂ ನಿಮ್ಮ ನೀರಿನ ಅಂಕಿಗಳನ್ನೂ ಕೊಟ್ಟು ಕಳುಹಿಸಿ. ನಿಮ್ಮ ಸಾಲು ಎಂದಾದರೂ ಅಳಿದರೆ ಅದೇ ತಳಿಯನ್ನು ಮರಳಿ ಪಡೆಯಲು ಒಂದು ಮನೆ ಇರುತ್ತದೆ.